ಮುರಿದ ಎಲುಬಿಗೆ ಮೊದಲ ಆಸರೆ

ಪವಾಯಿ ಕೆರೆಯ ದಂಡೆಯಲ್ಲಿ ನಿಂತು ಸುತ್ತಲಿನ ಮುಗಿಲೆತ್ತರದ ಕಟ್ಟಡಗಳನ್ನು ನೋಡುವವನಿಗೆ, ಕಾಲಡಿಯ ನೆಲವೂ ಒಮ್ಮೆ ಅಲುಗೀತೆಂಬ ವಿಚಾರ ಬರುವುದು ವಿರಳ. ಆದರೆ 1967ರ ಡಿಸೆಂಬರ್ 11ರ ನಸುಕಿನಲ್ಲಿ, ಹೋಟೆಲುಗಳಲ್ಲಿ ಒಲೆ ಹೊತ್ತಿಸುವ ವೇಳೆಗೆ, ಕೊಯ್ನಾ ಕಣಿವೆಯ ಭೂಕಂಪವು ಮುಂಬಯಿಯನ್ನೂ ನಡುಗಿಸಿತ್ತು. 1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿ ಸೀಮೆಯಲ್ಲಿ ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆಗಳು ನಿದ್ರಿಸುತ್ತಿದ್ದವರ ಮೇಲೆ ಉರುಳಿ, ಸುಮಾರು ಹತ್ತು ಸಾವಿರ ಜನರು ಮಡಿದರು. ಗಡಿಯೀಚೆಗಿನ ಬೀದರ, ಕಲಬುರಗಿಗಳಿಗೂ ಆ ನಡುಕ ತಟ್ಟಿತು.

ಮಡಿದವರ ಲೆಕ್ಕವು ಪತ್ರಿಕೆಗಳಲ್ಲಿ ದಪ್ಪಕ್ಷರಗಳಲ್ಲಿ ಬರುತ್ತದೆ. ಕೈಕಾಲು ಮುರಿದುಕೊಂಡು ಉಳಿದವರ ಗತಿಯೇನು? 2001ರ ಜನವರಿ 26ರ ಕಚ್ಛ್ ಭೂಕಂಪದಲ್ಲಿ ಗಾಯಗೊಂಡವರು ಒಂದೂವರೆ ಲಕ್ಷಕ್ಕೂ ಮಿಕ್ಕಿದ್ದರು. ಅವರನ್ನು ನೋಡಿಕೊಳ್ಳಬೇಕಾಗಿದ್ದ ಭುಜ್ ನಗರದ ಸರಕಾರಿ ಆಸ್ಪತ್ರೆಯೇ ಕುಸಿದು ಬಿದ್ದಿತು. ಬಯಲಿನಲ್ಲಿಯೇ ಶಸ್ತ್ರಚಿಕಿತ್ಸೆ ನಡೆಸಬೇಕಾಯಿತು.

ಇಂತಹ ವೇಳೆಗೆಂದೇ ತುರ್ತು ವೈದ್ಯಕೀಯ ತಂಡಗಳಿವೆ. 2023ರ ಫೆಬ್ರುವರಿ 6ರಂದು ತುರ್ಕಿ ದೇಶದಲ್ಲಿ ಭೂಕಂಪವಾದಾಗ, ನಮ್ಮ ಭೂಸೇನೆಯ 60ನೆಯ ಪ್ಯಾರಾ ಫೀಲ್ಡ್ ಆಸ್ಪತ್ರೆಯ 99 ಜನರ ತಂಡವು ಆಗ್ರಾದಿಂದ ಮರುದಿನವೇ ಹೊರಟು, ಇಸ್ಕೆಂದೆರುನ್ ಪಟ್ಟಣದಲ್ಲಿ ಎಕ್ಸ್‌ರೇ ಯಂತ್ರ, ಶಸ್ತ್ರಚಿಕಿತ್ಸೆಯ ಕೊಠಡಿಗಳೊಡನೆ ಆಸ್ಪತ್ರೆ ತೆರೆಯಿತು. ಸುಮಾರು 3,600 ರೋಗಿಗಳು ಅದರ ಉಪಚಾರ ಪಡೆದರು. ಎಲುಬಿನ ವೈದ್ಯರೂ ಆ ತಂಡದಲ್ಲಿದ್ದರು.

ಇಷ್ಟು ಚುರುಕಾದ ತಂಡಕ್ಕೂ ಮೊದಲ ತಾಸುಗಳೊಳಗೆ ಬಂದು ಮುಟ್ಟುವುದು ಅಸಾಧ್ಯ. ಆ ತಾಸುಗಳು ನೆರೆಹೊರೆಯವರ ಕೈಯಲ್ಲಿವೆ. ನಾವು ಇಂದು ಈ ವಿಷಯವನ್ನೆತ್ತಿದುದು ಇದಕ್ಕಾಗಿಯೇ.

ಮುಖ್ಯವಾದ ಮಾತೊಂದುಂಟು. ಕಾಲು ಬಹಳ ಹೊತ್ತು ತೊಲೆಯಡಿ ಜಜ್ಜಿದ್ದರೆ ಅಲ್ಲಿಯ ಸ್ನಾಯುಗಳು ಸಾಯತೊಡಗುತ್ತವೆ. ಭಾರವನ್ನು ಥಟ್ಟನೆ ತೆಗೆದೊಡನೆ, ಸತ್ತ ಸ್ನಾಯುವಿನ ವಿಷವಸ್ತುಗಳು ರಕ್ತಕ್ಕೆ ನುಗ್ಗಿ ಹೃದಯವನ್ನೂ ಮೂತ್ರಪಿಂಡಗಳನ್ನೂ ಕೆಡಿಸುತ್ತವೆ. ಮಾತನಾಡುತ್ತಿದ್ದವನೇ ಹೊರಬಂದ ಮೇಲೆ ಸಾಯುವುದುಂಟು. ಲಂಡನ್ನಿನ ಬಾಂಬುದಾಳಿಯಲ್ಲಿ ಹೂತುಹೋದವರನ್ನು ಪರೀಕ್ಷಿಸಿ, 1941ರಲ್ಲಿ ಡಾಕ್ಟರ್ ಬೈವಾಟರ್ಸ್ ಇದನ್ನು ವಿವರಿಸಿದರು. ಅದಕ್ಕಾಗಿಯೇ ಅರಿತ ವೈದ್ಯರು, ಭಾರ ಎತ್ತುವ ಮೊದಲೇ ರಕ್ತನಾಳದ ಮೂಲಕ ಲವಣದ್ರವ ಕೊಡಲಾರಂಭಿಸುತ್ತಾರೆ. ಸಿಕ್ಕಿಬಿದ್ದು ಎಷ್ಟು ಹೊತ್ತಾಯಿತೆಂಬುದನ್ನು ನಾವು ನೆನಪಿಟ್ಟು ರಕ್ಷಣಾ ತಂಡಕ್ಕೆ ತಿಳಿಸಿದರೆ, ಅದೇ ಒಂದು ಜೀವದಾನವಾದೀತು. ಬೆಂಕಿಯೋ ಮತ್ತೊಂದು ಕುಸಿತವೋ ಎದುರಿಗಿದ್ದರೆ ಮಾತ್ರ ಕಾಯಲಾಗದು.

ಇನ್ನುಳಿದುದು ಸರಳ. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಹೊರಬಂದ ಎಲುಬನ್ನು ಒಳದೂಡದೆ ಮುಚ್ಚಬೇಕು. ಎಣ್ಣೆ ಹಚ್ಚಿ ತಿಕ್ಕುವುದು, ನೆಟ್ಟಗೆ ಮಾಡಲು ಎಳೆಯುವುದು ಬೇಡ. ಕೋಲು, ರಟ್ಟು, ಸುತ್ತಿದ ಪತ್ರಿಕೆ, ಯಾವುದಾದರೂ ದಬ್ಬೆಯಾದೀತು; ಮುರಿದೆಡೆಯ ಮೇಲಿನ ಹಾಗೂ ಕೆಳಗಿನ ಕೀಲುಗಳೆರಡೂ ಅಲುಗದಂತೆ ಕಟ್ಟಬೇಕು. ಬೆರಳು ತಣ್ಣಗಾದರೆ ಕಟ್ಟು ಸಡಿಲಿಸಬೇಕು. ಬೆನ್ನು, ಕತ್ತು ನೋಯುವವನನ್ನು ಕೈಕಾಲು ಹಿಡಿದು ಎತ್ತಬಾರದು.

ಆಸ್ಪತ್ರೆಯಲ್ಲಿ ವೈದ್ಯರು ತೆರೆದ ಗಾಯವನ್ನು ತೊಳೆದು, ಸತ್ತ ಮಾಂಸವನ್ನು ತೆಗೆದು, ಹಲವು ಸಲ ಹೊಲಿಯದೆಯೇ ಬಿಡುತ್ತಾರೆ. ಕೀವು ಒಳಗೆ ಕೂಡಬಾರದೆಂಬುದೇ ಕಾರಣ. ಇದನ್ನು ಅಲಕ್ಷ್ಯವೆಂದು ಬಗೆದು ಜಗಳಕ್ಕೆ ನಿಲ್ಲಬಾರದು. 2010ರ ಹೈಟಿ ಭೂಕಂಪದಲ್ಲಿ ಸಿದ್ಧತೆಯಿಲ್ಲದೆ ಬಂದ ತಂಡಗಳ ಕೆಲಸ ಟೀಕೆಗೆ ಗುರಿಯಾದ ಮೇಲೆ, ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ಇಂತಹ ತಂಡಗಳಿಗೆ ಕನಿಷ್ಠ ನಿಯಮಗಳನ್ನು ಗೊತ್ತುಪಡಿಸಿತು. ರೋಗಿ ಮತ್ತೆ ನಡೆಯುವಂತೆ ಮಾಡುವ ವ್ಯಾಯಾಮಚಿಕಿತ್ಸೆಯೂ ತಂಡದ ಹೊಣೆಯೆಂದು ಮುಂದೆ ಸೇರಿಸಿತು.

ಈ ಕೊನೆಯ ಮಾತೇ ನಮ್ಮವರಿಗೆ ಅತಿ ಮುಖ್ಯ. ತಟ್ಟೆ ಹಿಡಿಯುವ ಕೈ, ದಿನವಿಡೀ ನಿಲ್ಲುವ ಕಾಲು, ಲೆಕ್ಕ ಬರೆಯುವ ಬೆರಳು, ಇವನ್ನು ಬಿಟ್ಟು ನಮಗೆ ಬೇರೆ ಬಂಡವಾಳವಿಲ್ಲ. ಜೀವ ಉಳಿದರೂ ಅವು ಉಳಿಯದಿದ್ದರೆ ಊರಿನ ಒಲೆ ಆರುತ್ತದೆ. ಭೂಮಿಯನ್ನು ತಡೆಯುವುದು ನಮ್ಮಿಂದಾಗದು. ಆದರೆ ಬಿಡುವಿನ ಒಂದು ದಿನ ಪ್ರಥಮ ಚಿಕಿತ್ಸೆ ಕಲಿಯುವುದು ನಮ್ಮಿಂದಾದೀತು.