ಮುಸಲ್ಮಾನರು ಯೋಗಾಭ್ಯಾಸ ಮಾಡಬಹುದೇ?

ಮಧುಮೇಹ, ರಕ್ತದೊತ್ತಡ ಅಥವಾ ಬೆನ್ನುನೋವಿನಿಂದ ಬಳಲುವ ರೋಗಿಗೆ ಔಷಧಿಯ ಚೀಟಿ ಬರೆದುಕೊಟ್ಟ ವೈದ್ಯರು, ಕೊನೆಯಲ್ಲಿ "ದಿನಕ್ಕೆ ಅರ್ಧ ಗಂಟೆ ಯೋಗ ಮಾಡಿ" ಎಂದು ಹೇಳುವುದು ಇಂದು ಸಾಮಾನ್ಯ. ಬಹುಪಾಲು ಜನರಿಗೆ ಈ ಮಾತಿನಲ್ಲಿ ತೊಡಕೇನೂ ಕಾಣದು. ಆದರೆ ರೋಗಿಯು ಶ್ರದ್ಧಾವಂತ ಮುಸಲ್ಮಾನರಾಗಿದ್ದರೆ ಅವರ ಮನದಲ್ಲಿ ಒಂದು ಪ್ರಶ್ನೆ ಏಳಬಹುದು: ದೇಹದ ಆರೋಗ್ಯಕ್ಕಾಗಿ ಮಾಡುವ ಈ ಅಭ್ಯಾಸವು ನನ್ನ ಧರ್ಮಕ್ಕೆ ಭಂಗ ತರುವುದೇ? ಈ ಸಂದೇಹವನ್ನು ಯಾರ ಮುಂದೆಯೂ ಹೇಳಿಕೊಳ್ಳಲಾರದೆ ಅವರು ಅಭ್ಯಾಸವನ್ನೇ ಬಿಟ್ಟಾರು. ಇಲ್ಲವೇ ಅಳುಕಿನಿಂದಲೇ ಮಾಡಿಯಾರು. ಅಳುಕಿನಿಂದ ಮಾಡಿದ ಅಭ್ಯಾಸವು ನೆಮ್ಮದಿಯನ್ನು ತರಲಾರದು. ಆದ್ದರಿಂದ ಈ ಪ್ರಶ್ನೆಯನ್ನು ಗೌರವದಿಂದ ವಿಚಾರಿಸುವುದು ಆರೋಗ್ಯದ ದೃಷ್ಟಿಯಿಂದಲೂ ಅಗತ್ಯ.

ಆಕ್ಷೇಪದ ತಿರುಳು

ಇಸ್ಲಾಮಿನ ಮೂಲಸ್ತಂಭ ಏಕದೇವನಿಷ್ಠೆ. ಉಪಾಸನೆಯು ಅಲ್ಲಾಹನೊಬ್ಬನಿಗೇ ಸಲ್ಲತಕ್ಕದ್ದು. ಅದರಲ್ಲಿ ಮತ್ತಾರನ್ನೂ ಸೇರಿಸಲಾಗದು. ಸೂರ್ಯಚಂದ್ರರಿಗೆ ಎರಗಕೂಡದೆಂಬ ಸ್ಪಷ್ಟ ಆದೇಶವೂ ಕುರಾನಿನಲ್ಲಿದೆ. ಈ ಹಿನ್ನೆಲೆಯಲ್ಲಿಯೇ ಮಲೇಷ್ಯಾದ ರಾಷ್ಟ್ರೀಯ ಫತ್ವಾ ಮಂಡಳಿಯು 2008ರ ನವೆಂಬರಿನಲ್ಲಿ ಯೋಗಾಭ್ಯಾಸವು ಮುಸಲ್ಮಾನರಿಗೆ ನಿಷಿದ್ಧವೆಂದು ಸಾರಿತು. ಅಂಗಸಾಧನೆ, ಮಂತ್ರೋಚ್ಚಾರಣೆ ಮತ್ತು ಉಪಾಸನೆ ಯೋಗದಲ್ಲಿ ಒಂದರೊಡನೊಂದು ಹೆಣೆದುಕೊಂಡಿವೆ, ಇದರಿಂದ ಶ್ರದ್ಧೆ ಸಡಿಲವಾದೀತು ಎಂಬುದು ಆ ವಿದ್ವಾಂಸರ ಆತಂಕವಾಗಿತ್ತು. ಕೆಲವೇ ದಿನಗಳಲ್ಲಿ ಆ ದೇಶದ ಪ್ರಧಾನಿ ಅಬ್ದುಲ್ಲಾ ಬದಾವಿಯವರು, ಮಂತ್ರಪಠಣವಿಲ್ಲದೆ ಅಂಗಸಾಧನೆಯನ್ನಷ್ಟೇ ಮಾಡಲು ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿದರು.

ಇಂತಹ ಆಕ್ಷೇಪವನ್ನು ಕೇಳಿದೊಡನೆ ಯೋಗಪ್ರಿಯರಾದ ನಾವು "ಯೋಗವೆಂದರೆ ಕೇವಲ ವ್ಯಾಯಾಮ" ಎಂದು ಉತ್ತರಿಸುವುದುಂಟು. ಇದು ಅರ್ಧಸತ್ಯ. ಪತಂಜಲಿಯ ಯೋಗಸೂತ್ರದ ಸುಮಾರು 195 ಸೂತ್ರಗಳಲ್ಲಿ ಆಸನವನ್ನು ಕುರಿತವು ಮೂರೇ ಮೂರು. ಅಲ್ಲಿ ಹೇಳಿದ ಅಷ್ಟಾಂಗಗಳಲ್ಲಿ ಈಶ್ವರಪ್ರಣಿಧಾನವಿದೆ, ಧ್ಯಾನವಿದೆ, ಸಮಾಧಿಯಿದೆ. ಅದರ ಗುರಿ ಕೈವಲ್ಯ. ಒಂದು ಕಡೆ ಯೋಗವನ್ನು ಆಧ್ಯಾತ್ಮಿಕ ಸಂಪತ್ತೆಂದು ಕೊಂಡಾಡುತ್ತ, ಇನ್ನೊಂದು ಕಡೆ "ಅದರಲ್ಲಿ ಧರ್ಮದ ಅಂಶವೇ ಇಲ್ಲ" ಎನ್ನುವುದು ಹೊಂದುವ ಮಾತಲ್ಲ. ನಿಜಕ್ಕೂ, ಆಕ್ಷೇಪಿಸುವ ವಿದ್ವಾಂಸರು ಯೋಗವನ್ನು ಹಗುರವಾಗಿ ಕಂಡಿಲ್ಲ. ಅದೊಂದು ಸಾಧನಾಮಾರ್ಗವೆಂದು ಗಂಭೀರವಾಗಿ ಪರಿಗಣಿಸಿದ್ದರಿಂದಲೇ ಆಕ್ಷೇಪಿಸಿದ್ದಾರೆ.

ಒಂದೇ ಧರ್ಮ, ಹಲವು ತೀರ್ಮಾನ

ಹಾಗೆಂದು ಮುಸ್ಲಿಂ ಜಗತ್ತೆಲ್ಲ ಒಂದೇ ಅಭಿಪ್ರಾಯ ತಳೆದಿಲ್ಲ. 2009ರ ಜನವರಿಯಲ್ಲಿ ಇಂಡೋನೇಷ್ಯಾದ ಉಲೇಮಾ ಮಂಡಳಿಯು ಮಂತ್ರ ಹಾಗೂ ಪೂಜಾವಿಧಿಗಳಿಂದ ಕೂಡಿದ ಯೋಗವನ್ನು ನಿಷೇಧಿಸಿತು, ಶುದ್ಧ ಅಂಗಸಾಧನೆಗೆ ಅವಕಾಶವಿತ್ತಿತು. ಸೌದಿ ಅರೇಬಿಯಾ 2017ರ ನವೆಂಬರಿನಲ್ಲಿ ಯೋಗಕ್ಕೆ ಕ್ರೀಡಾ ಚಟುವಟಿಕೆಯಾಗಿ ಮಾನ್ಯತೆ ನೀಡಿತು. ಇದಕ್ಕಾಗಿ ಶ್ರಮಿಸಿದ ಆ ದೇಶದ ಮಹಿಳೆ ನೌಫ್ ಮರ್ವಾಯಿಯವರಿಗೆ 2018ರಲ್ಲಿ ಭಾರತ ಸರ್ಕಾರದ ಪದ್ಮಶ್ರೀ ದೊರೆಯಿತು. ನಮ್ಮಲ್ಲಿಯೇ 2015ರ ಮೊದಲ ಅಂತರರಾಷ್ಟ್ರೀಯ ಯೋಗ ದಿನಾಚರಣೆಗೆ ಮುನ್ನ ಸೂರ್ಯನಮಸ್ಕಾರದ ಬಗ್ಗೆ ಆಕ್ಷೇಪಗಳು ಬಂದಾಗ, ಸಾಮೂಹಿಕ ಅಭ್ಯಾಸದಿಂದ ಅದನ್ನು ಕೈಬಿಡಲಾಯಿತು.

ಇತಿಹಾಸದತ್ತ ನೋಡಿದರೆ ಈ ಸಂವಾದ ಹೊಸದೇನೂ ಅಲ್ಲ. ಹನ್ನೊಂದನೆಯ ಶತಮಾನದಲ್ಲಿಯೇ ಅಲ್ ಬಿರೂನಿ ಪತಂಜಲಿಯ ಯೋಗವನ್ನು ಅರಬ್ಬಿಗೆ ತಂದರು. ಹದಿನಾರನೆಯ ಶತಮಾನದಲ್ಲಿ ಸೂಫಿ ಗುರು ಮುಹಮ್ಮದ್ ಗೌಸ್ ಗ್ವಾಲಿಯರಿ ಅವರು 'ಅಮೃತಕುಂಡ'ವೆಂಬ ಯೋಗಗ್ರಂಥವನ್ನು ಪಾರಸಿ ಭಾಷೆಯಲ್ಲಿ 'ಬಹ್ರುಲ್ ಹಯಾತ್' ಎಂಬ ಹೆಸರಿನಿಂದ ರಚಿಸಿದರು. ಮುಂದೆ ಆಸನಗಳ ಚಿತ್ರಗಳೊಡನೆ ಸಿದ್ಧವಾದ ಅದರ ಒಂದು ಹಸ್ತಪ್ರತಿ ಇಂದು ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಕನ್ನಡನಾಡಿನಲ್ಲಿ ಸಂತ ಶಿಶುನಾಳ ಶರೀಫರು ಗುರು ಗೋವಿಂದ ಭಟ್ಟರ ಶಿಷ್ಯರಾಗಿ ಬಾಳಿದ್ದು ಎಲ್ಲರಿಗೂ ತಿಳಿದದ್ದೇ. ಆದರೆ ಇವರೆಲ್ಲ ಸ್ವಂತ ಅರಿವಿನಿಂದ ಆ ದಾರಿಗೆ ಒಲಿದವರು. ಇವರ ಉದಾಹರಣೆಯನ್ನು ಮುಂದೊಡ್ಡಿ, "ನೀವೂ ಒಪ್ಪಲೇಬೇಕು" ಎಂದು ಯಾರನ್ನೂ ಒತ್ತಾಯಿಸುವುದು ಸಲ್ಲದು.

ಬೇರ್ಪಡಿಸಿ ನೋಡುವ ಬಗೆ

ಮೇಲಿನ ತೀರ್ಮಾನಗಳನ್ನು ಒಟ್ಟಾಗಿ ನೋಡಿದಾಗ ಒಂದು ವಿಷಯ ತಿಳಿಯಾಗುತ್ತದೆ. 'ಯೋಗ' ಎಂಬ ಒಂದೇ ಪದದೊಳಗೆ ಮೂರು ಪದರಗಳಿವೆ: ದೇಹವನ್ನು ಬಾಗಿಸಿ ಚಾಚುವ ಆಸನ ಮತ್ತು ಉಸಿರಿನ ಅಭ್ಯಾಸ, ಮಂತ್ರ, ಪ್ರಾರ್ಥನೆ, ನಮಸ್ಕಾರಗಳು, ಮೋಕ್ಷದ ಗುರಿಯುಳ್ಳ ಸಾಧನೆ. ಅನುಮತಿ ನೀಡಿದವರು ಬಹುಮಟ್ಟಿಗೆ ಮೊದಲನೆಯದನ್ನು ಉಳಿದೆರಡರಿಂದ ಬೇರ್ಪಡಿಸಿದ್ದಾರೆ. ನಿಷೇಧಿಸಿದವರು ಹಾಗೆ ಬೇರ್ಪಡಿಸುವುದು ಕಷ್ಟವೆಂದು ಭಾವಿಸಿದ್ದಾರೆ. ಇಸ್ಲಾಮಿನಲ್ಲಿ ಕರ್ಮದ ಮೌಲ್ಯವನ್ನು ನಿರ್ಣಯಿಸುವುದು 'ನಿಯ್ಯತ್', ಎಂದರೆ ಸಂಕಲ್ಪ. ಮಂಡಿನೋವಿನ ಪರಿಹಾರಕ್ಕಾಗಿ ಕಾಲು ಚಾಚುವ ಸಂಕಲ್ಪ ಬೇರೆ, ಸೂರ್ಯನನ್ನು ವಂದಿಸುವ ಸಂಕಲ್ಪ ಬೇರೆ. ಆದರೂ ತನಗೆ ಯಾವುದು ಸರಿಯೆಂಬ ನಿರ್ಧಾರ ಆ ವ್ಯಕ್ತಿಯದು. ಬೇಕೆನಿಸಿದರೆ ಅವರು ತಮ್ಮ ಧರ್ಮಗುರುಗಳನ್ನು ಕೇಳಿ ತಿಳಿಯಲಿ.

ನಮಾಜಿನ ಭಂಗಿಗಳನ್ನು ಆಸನಗಳಿಗೆ ಹೋಲಿಸುವ ರೂಢಿಯೂ ಇದೆ. ನಮಾಜಿನಲ್ಲಿ ಕುಳಿತುಕೊಳ್ಳುವ ಬಗೆ ವಜ್ರಾಸನವನ್ನು ಹೋಲುವುದು ನಿಜ. ಆದರೆ "ನಮಾಜೂ ಒಂದು ಯೋಗವೇ" ಎಂದು ಹೇಳಿದರೆ ಉಪಾಸನೆಯನ್ನು ವ್ಯಾಯಾಮದ ಮಟ್ಟಕ್ಕಿಳಿಸಿದಂತಾಗಿ ಭಕ್ತರಿಗೆ ನೋವಾಗಬಹುದು. ನಮ್ಮ ಪೂಜೆಯನ್ನು ಯಾರಾದರೂ ಕೈಕಾಲಿನ ಕಸರತ್ತು ಎಂದರೆ ನಮಗೂ ನೋವಾಗದೇ?

ಅಭ್ಯಾಸಿಗಳಿಗೆ ಕೆಲವು ಸೂಚನೆಗಳು

ಮಂತ್ರವಿಲ್ಲದೆಯೇ ಮಾಡಬಹುದಾದ ಅಭ್ಯಾಸಗಳು ಬೇಕಾದಷ್ಟಿವೆ. ತಾಡಾಸನ, ಭುಜಂಗಾಸನ, ಶವಾಸನ, ನಿಧಾನವಾದ ದೀರ್ಘಶ್ವಾಸ ಇವು ಆರಂಭಿಕರಿಗೆ ತಕ್ಕವು. ಸಂಸ್ಕೃತದ ಹೆಸರು ಅಳುಕು ತಂದರೆ ಭಂಗಿಯನ್ನು ಕನ್ನಡದಲ್ಲಿ ವಿವರಿಸಿದರಾಯಿತು. ಬರಿಹೊಟ್ಟೆಯ ಬೆಳಗಿನ ಹೊತ್ತು ಅಭ್ಯಾಸಕ್ಕೆ ಒಳ್ಳೆಯದು. ಮುಂಜಾನೆಯ ನಮಾಜು ಮುಗಿಸಿದವರಿಗೆ ಆ ಸಮಯ ಸಹಜವಾಗಿಯೇ ಒದಗುತ್ತದೆ. ರಂಜಾನ್ ಉಪವಾಸದಲ್ಲಿ ಹಗಲೆಲ್ಲ ನೀರೂ ಸೇರದಿರುವುದರಿಂದ ಬೆವರು ಹರಿಸುವ ಶ್ರಮದ ಅಭ್ಯಾಸ ಬೇಡ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸಕ್ಕೆ ಮೊದಲೇ ವೈದ್ಯರನ್ನು ಕಾಣಬೇಕು.

ಕೆಲವು ಎಚ್ಚರಿಕೆಗಳು ಎಲ್ಲ ಧರ್ಮದವರಿಗೂ ಅನ್ವಯಿಸುತ್ತವೆ. ಅಧಿಕ ರಕ್ತದೊತ್ತಡವುಳ್ಳವರು ಉಸಿರನ್ನು ಬಿಗಿಹಿಡಿಯಬಾರದು, ಭಸ್ತ್ರಿಕೆಯನ್ನು ಮಾಡಬಾರದು. ಗ್ಲಾಕೋಮಾ ಇರುವವರಿಗೆ ಶೀರ್ಷಾಸನ ವರ್ಜ್ಯ. ಮಂಡಿಯ ಸವೆತವಿರುವವರು ವಜ್ರಾಸನಕ್ಕೆ ಹಟ ಹಿಡಿಯಬಾರದು. ಯೋಗವು ಔಷಧಿಗೆ ಪೂರಕವೇ ಹೊರತು ಪರ್ಯಾಯವಲ್ಲ. ವೈದ್ಯರು ಕೊಟ್ಟ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕಾರಿ.

ಶಿಕ್ಷಕರ ಹೊಣೆ

ಕೊನೆಯ ಮಾತು ಯೋಗ ಶಿಕ್ಷಕರಿಗೆ. ತರಗತಿಯಲ್ಲಿ ಏನೇನಿದೆ ಎಂಬುದನ್ನು ಮೊದಲೇ ಬಿಚ್ಚಿ ಹೇಳಿ. ಪ್ರಾರ್ಥನೆಯಿದ್ದರೆ "ಇದು ಪ್ರಾರ್ಥನೆ" ಎಂದೇ ತಿಳಿಸಿ. ಅದನ್ನು ಉಸಿರಾಟದ ವ್ಯಾಯಾಮವೆಂದು ಹೇಳಿ ಮಾಡಿಸಬೇಡಿ. ಆ ಹೊತ್ತಿನಲ್ಲಿ ಒಬ್ಬರು ಸುಮ್ಮನೆ ಕುಳಿತರೆ ಅವರನ್ನು ಕಾರಣ ಕೇಳಬೇಡಿ. ಮಹಿಳೆಯರು ಪ್ರತ್ಯೇಕ ಸಮಯವನ್ನೋ ಮೈತುಂಬ ಬಟ್ಟೆಯನ್ನೋ ಬಯಸಿದರೆ ಆದರದಿಂದ ಒಪ್ಪಿಕೊಳ್ಳಿ. ಯಮಗಳಲ್ಲಿ ಮೊದಲನೆಯದು ಅಹಿಂಸೆ, ಎರಡನೆಯದು ಸತ್ಯ. ಇನ್ನೊಬ್ಬರ ಶ್ರದ್ಧೆಯನ್ನು ನೋಯಿಸದೆ, ಇರುವುದನ್ನು ಮರೆಮಾಚದೆ ಕಲಿಸುವ ಶಿಕ್ಷಕರ ತರಗತಿಗೆ ಆ ರೋಗಿಯು ಅಳುಕಿಲ್ಲದೆ ಬಂದಾರು. ಬಾರದಿರಲು ನಿರ್ಧರಿಸಿದರೆ, ದಿನವೂ ಅರ್ಧ ಗಂಟೆ ಬಿರುಸಾಗಿ ನಡೆಯುವಂತೆ ಅವರಿಗೆ ಹೇಳಿ; ಅದರಿಂದಲೂ ಆರೋಗ್ಯ ಲಭಿಸುತ್ತದೆ.