ಗೆರೆಯ ಮೇಲೋ, ಗೆರೆಯ ಕೆಳಗೋ?

2023ರ ಮಾರ್ಚ್ 25ರಂದು ಕೆ.ಆರ್. ಪುರ–ವೈಟ್‌ಫೀಲ್ಡ್ ಮೆಟ್ರೊ ಉದ್ಘಾಟನೆಯಾಯಿತು. 13.71 ಕಿ.ಮೀ., 12 ನಿಲ್ದಾಣ. ಹೂಡಿ, ಕುಂದಲಹಳ್ಳಿ, ಪಟ್ಟಂದೂರು ಅಗ್ರಹಾರ ಹೀಗೆ ಮಹದೇವಪುರ ಭಾಗದ ಹಳೇ ಊರುಗಳ ನೆತ್ತಿಯ ಮೇಲೆ ರೈಲು ಓಡತೊಡಗಿತು. ಟಿಕೆಟ್‌ಗೆ ಕ್ಯೂ ನಿಲ್ಲುವ ಕಾಟವೂ ಇರಲಿಲ್ಲ. 2022ರ ನವೆಂಬರ್‌ನಲ್ಲೇ ವಾಟ್ಸ್‌ಆ್ಯಪ್‌ನಲ್ಲಿ ಕ್ಯೂಆರ್ ಟಿಕೆಟ್ ಶುರುವಾಗಿತ್ತು. ಇಲ್ಲದಿದ್ದದ್ದು ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ಸುಮಾರು 2 ಕಿ.ಮೀ. ಮಾರ್ಗ! ಬೆನ್ನಿಗಾನಹಳ್ಳಿಯಲ್ಲಿ ರೈಲ್ವೆ ಹಳಿಯ ಮೇಲೆ ಉಕ್ಕಿನ ಗರ್ಡರ್ ಕೂರಿಸುವುದು ತಡವಾಗಿತ್ತು. ಮೆಜೆಸ್ಟಿಕ್ ಕಡೆಯಿಂದ ಬಂದವರು ಬೈಯಪ್ಪನಹಳ್ಳಿಯಲ್ಲಿ ಇಳಿದು, ಬಿಎಂಟಿಸಿ ಫೀಡರ್ ಬಸ್ಸು ಹಿಡಿದು, ಮತ್ತೆ ಮೆಟ್ರೊ ಹತ್ತಬೇಕಿತ್ತು. ಅಕ್ಟೋಬರ್ 9ರ ತನಕ ಇದೇ ಪಾಡು.

ಕಸ್ಟಮರ್ ಎಕ್ಸ್‌ಪೀರಿಯನ್ಸ್ ಡಿಸೈನ್ ಕಲಿಯಲೋ, ಸರ್ವೀಸ್ ಡಿಸೈನ್ ಕಲಿಯಲೋ ಎಂದು ತಲೆ ಕೆರೆದುಕೊಳ್ಳುವ ಸಾಫ್ಟ್‌ವೇರ್ ಹುಡುಗ ಹುಡುಗಿಯರಿಗೆ ಇದಕ್ಕಿಂತ ಹತ್ತಿರದ ಪಾಠ ಬೇಕಿಲ್ಲ. ಟಿಕೆಟ್ ಸಲೀಸಾಗಿ ಸಿಕ್ಕಿತೇ, ಫೀಡರ್ ಬಸ್ಸು ಎಲ್ಲಿ ನಿಲ್ಲುತ್ತದೆಂಬ ಬೋರ್ಡು ಕಂಡಿತೇ, ಪ್ರಯಾಣಿಕ ಸಿಡುಕಿದ್ದು ಎಲ್ಲಿ ಎಂದು ಹುಡುಕುವುದು ಮೊದಲನೆಯದು. ರೈಲಿಗೂ ಬಸ್ಸಿಗೂ ವೇಳೆ ಹೊಂದಿಸುವವರು ಯಾರು, ರೈಲು ತಡವಾದರೆ ಬಸ್ಸಿನ ಡ್ರೈವರ್‌ಗೆ ಸುದ್ದಿ ಮುಟ್ಟಿಸುವುದು ಹೇಗೆ ಎಂದು ಕೇಳುವುದು ಎರಡನೆಯದು.

ಈ ಎರಡನೆಯ ಬಗೆಯ ಯೋಚನೆಗೆ ಚಿತ್ರ ಕೊಟ್ಟದ್ದು ಅಮೆರಿಕದ ಬ್ಯಾಂಕ್ ಅಧಿಕಾರಿ ಲಿನ್ ಶೋಸ್ಟಾಕ್. 1984ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಆಕೆ ಬಿಡಿಸಿ ತೋರಿಸಿದ್ದು ಷೇರು ದಲ್ಲಾಳಿ ವ್ಯವಹಾರವನ್ನಷ್ಟೇ ಅಲ್ಲ, ರಸ್ತೆಬದಿಯ ಬೂಟ್ ಪಾಲಿಶ್ ಕೆಲಸವನ್ನೂ. ಬ್ರಷ್, ಪಾಲಿಶ್, ಉಜ್ಜುವುದು, ದುಡ್ಡು ಪಡೆಯುವುದು: ಒಟ್ಟು 2 ನಿಮಿಷ. ತಪ್ಪು ಬಣ್ಣದ ಪಾಲಿಶ್ ಬಳಿದರೆ ಏನು ಮಾಡಬೇಕೆಂಬುದೂ ಚಿತ್ರದಲ್ಲಿತ್ತು. ಗಿರಾಕಿಗೆ ಕಾಣುವ ಕೆಲಸಗಳ ಕೆಳಗೊಂದು ಗೆರೆ. ಗೆರೆಯ ಕೆಳಗೆ ಪಾಲಿಶ್ ಡಬ್ಬಿ ಕೊಂಡು ತರುವಂಥ ಕಾಣದ ಕೆಲಸ. ಕಸ್ಟಮರ್ ಎಕ್ಸ್‌ಪೀರಿಯನ್ಸ್ ಮಾತಿಗೆ ಭರಾಟೆ ಬಂದದ್ದು ಆಮೇಲೆ. ಪೈನ್ ಮತ್ತು ಗಿಲ್ಮೋರ್ ಎಂಬ ಲೇಖಕರು 1998ರಲ್ಲಿ ಅದೇ ಪತ್ರಿಕೆಯಲ್ಲಿ, ಇನ್ನು ಕಂಪನಿಗಳು ಮಾರಬೇಕಾದ್ದು ಅನುಭವವನ್ನು ಎಂದು ವಾದಿಸಿದರು.

ಕರ್ನಾಟಕದಲ್ಲಿ ಈ ಎರಡು ಡಿಸೈನ್‌ಗಳ ಹೆಸರು ಓಡಾಡುವ ಮೊದಲೇ ಎರಡನ್ನೂ ಒಟ್ಟಿಗೆ ಮಾಡಿ ತೋರಿಸಿದ್ದು ಸರ್ಕಾರದ ಜಮೀನು ದಾಖಲೆ ಯೋಜನೆ ‘ಭೂಮಿ’. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ 2001ರ ಹೊತ್ತಿಗೆ ತಾಲ್ಲೂಕು ಕಚೇರಿಗಳಲ್ಲಿ ಕಂಪ್ಯೂಟರ್ ಪಹಣಿ 15 ರೂಪಾಯಿಗೆ ಸಿಗತೊಡಗಿತು. ಕೌಂಟರಿನಲ್ಲಿ ರೈತನ ಕಡೆಗೂ ಒಂದು ಸ್ಕ್ರೀನ್ ತಿರುಗಿಸಿಟ್ಟಿದ್ದರು. ತನ್ನ ಜಮೀನಿನ ಲೆಕ್ಕ ಅವನ ಕಣ್ಣಿಗೇ ಬೀಳುತ್ತಿತ್ತು. ಒಳ್ಳೆಯದೇ. ಆದರೆ ಲಂಚದ ಬೇರಿಗೆ ಕೈಹಾಕಿದ್ದು ಆ ಸ್ಕ್ರೀನ್ ಅಲ್ಲ, ಒಳಗಿದ್ದ ಒಂದು ನಿಯಮ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು. ಬೇಕಾದವರ ಅರ್ಜಿ ಮೊದಲು ಎತ್ತಲು ಸಾಫ್ಟ್‌ವೇರ್ ಬಿಡುತ್ತಿರಲಿಲ್ಲ. ಸಿಸ್ಟಮ್ ತೆರೆಯಲು ಬೆರಳಚ್ಚು ಬೇರೆ. ಮಾಡಿದವರು ಯಾರೆಂಬುದನ್ನು ಮುಚ್ಚಿಡುವಂತಿರಲಿಲ್ಲ. ಅದಕ್ಕಿಂತ ದೊಡ್ಡ ಹೆಜ್ಜೆ, ಕೈಬರಹದ ಪಹಣಿಗೆ ಮಾನ್ಯತೆ ತೆಗೆದುಹಾಕಿದ್ದು. ಅದನ್ನು ಉಳಿಸಿದ್ದರೆ ಹಳೇ ದಾರಿ ಹಾಗೇ ತೆರೆದಿರುತ್ತಿತ್ತು, ಕಂಪ್ಯೂಟರ್ ಬರೀ ಅಲಂಕಾರವಾಗುತ್ತಿತ್ತು.

ಸರದಿ ತಪ್ಪಿಸಬಾರದೆಂಬ ಆ ನಿಯಮ ಕೂತದ್ದು ಕೋಡ್‌ನಲ್ಲಿ. ಆದ್ದರಿಂದಲೇ ನನ್ನ ಓಟು ಸರ್ವೀಸ್ ಡಿಸೈನ್‌ಗೆ. ಡೇಟಾಬೇಸ್, ಎಪಿಐ, ಪೇಮೆಂಟ್ ಎಂದು ದುಡಿಯುವವರು ಈಗಾಗಲೇ ಶೋಸ್ಟಾಕ್ ಗೆರೆಯ ಕೆಳಗಿದ್ದಾರೆ. ಪಕ್ಕದ ವಿಭಾಗದಲ್ಲಿ ನಡೆಯುವುದು ತಿಳಿದರೆ ಸಾಕು, ಅರ್ಧ ಕಲಿತ ಹಾಗೆ. ಹಗಲೆಲ್ಲ ಆ್ಯಪಿನ ಮುಖವನ್ನೇ ತಿದ್ದುವವರು ಕಸ್ಟಮರ್ ಎಕ್ಸ್‌ಪೀರಿಯನ್ಸ್ ಹಿಡಿಯಲಿ, ತಕರಾರಿಲ್ಲ.

ಯಾವುದಕ್ಕೂ ಕೋರ್ಸ್ ಫೀಸು ಕಟ್ಟುವ ಮುಂಚೆ, ನೀವೀಗ ಕಟ್ಟುತ್ತಿರುವ ಸೇವೆಯನ್ನೇ ಒಂದು ಹಾಳೆಯಲ್ಲಿ ಬಿಡಿಸಿ, ನಡುವೆ ಗೆರೆ ಎಳೆಯಿರಿ. ಕೆಳಭಾಗ ತುಂಬಲು ಏನೂ ತೋಚದಿದ್ದರೆ ನಿಮ್ಮ ಸಪೋರ್ಟ್ ವಿಭಾಗದವರ ಜೊತೆ ಒಂದು ಮಧ್ಯಾಹ್ನ ಕೂತು ಬನ್ನಿ.