ವಿಮಾನ ತಡವಾದರೆ ಕಾಯಬಹುದು, ಸುದ್ದಿಯೇ ತಡವಾದರೆ?

ಕಾಸರಗೋಡು: ಗಲ್ಫಿಗೆ ಹೊರಟ ಮಗನನ್ನೋ, ಮಗಳ ಬಾಣಂತನಕ್ಕೆಂದು ದುಬೈಗೆ ಹೊರಟ ತಾಯಿಯನ್ನೋ ಕಳುಹಿಸಿಕೊಡಲು ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯವರು ಬಾಡಿಗೆ ಕಾರು ಮಾಡಿಕೊಂಡು ಮಂಗಳೂರಿಗೆ ಹೋಗುವುದು ಹೊಸತೇನಲ್ಲ. ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಉತ್ತರದವರಿಗೆ ಬಜ್ಪೆ, ದಕ್ಷಿಣದವರಿಗೆ 2018ರ ಡಿಸೆಂಬರ್‌ನಲ್ಲಿ ಆರಂಭವಾದ ಕಣ್ಣೂರು. ಮೂರು ಗಂಟೆ ಮೊದಲೇ ತಲುಪಬೇಕೆಂದು ಊಟವನ್ನೂ ಸರಿಯಾಗಿ ಮಾಡದೆ ಹೊರಟವರಿಗೆ ಅಲ್ಲಿ ಸಿಗುವ ಉತ್ತರ ಕೆಲವೊಮ್ಮೆ ಒಂದೇ: 'ಫ್ಲೈಟ್ ಲೇಟ್.' ಎಷ್ಟು ಲೇಟ್? ಎಂತಕ್ಕೆ ಲೇಟ್? ಹೊರಗೆ ನಿಂತ ಕಾರನ್ನು ಕಳಿಸುವುದೋ, ನಿಲ್ಲಿಸುವುದೋ? ಹೇಳುವವರಿಲ್ಲ.

ವಿಮಾನ ತಡವಾಗಲು ಕಾರಣಗಳು ಹಲವು. ಮಳೆಗಾಲದಲ್ಲಿ ಗುಡ್ಡದ ಮೇಲಿನ ಮಂಗಳೂರು ರನ್‌ವೇ ಸರಿಯಾಗಿ ಕಾಣದೆ ವಿಮಾನಗಳು ಬೆಂಗಳೂರು, ಕೊಚ್ಚಿ ಕಡೆಗೆ ತಿರುಗುವುದುಂಟು. ಅಲ್ಲಿಂದ ಬರಬೇಕಾದ ವಿಮಾನ ತಡವಾದರೆ ಅದರಲ್ಲೇ ಇಲ್ಲಿಂದ ಹೋಗಬೇಕಾದವರೂ ಕಾಯಬೇಕು. ಪೈಲಟ್‌ಗಳ ಕೆಲಸದ ಅವಧಿಗೂ ಮಿತಿಯಿದೆ. ಇದನ್ನೆಲ್ಲ ಬಿಡಿಸಿ ಹೇಳಿದರೆ ಅರ್ಥ ಮಾಡಿಕೊಳ್ಳದವರು ಕಡಿಮೆ. 'ಇನ್ನು ಅರ್ಧ ಗಂಟೆ' ಎಂದು ನಾಲ್ಕು ಸಲ ಹೇಳಿದಾಗಲೇ ಸಿಟ್ಟು ನೆತ್ತಿಗೇರುವುದು.

ನಿಯಮ ಏನು ಹೇಳುತ್ತದೆ?

2024ರ ಜನವರಿಯಲ್ಲಿ ದಿಲ್ಲಿಯ ದಟ್ಟ ಮಂಜಿನಿಂದ ವಿಮಾನಗಳು ಗಂಟೆಗಟ್ಟಲೆ ತಡವಾದವು. ತಡವಾಗುವುದೆಂದು ಹೇಳುತ್ತಿದ್ದ ಪೈಲಟ್ ಮೇಲೆಯೇ ಪ್ರಯಾಣಿಕನೊಬ್ಬ ಕೈಮಾಡಿದ. ಅದರ ಬೆನ್ನಿಗೇ, ಜನವರಿ 15ರಂದು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಕಂಪೆನಿಗಳಿಗೆ ಸೂಚನೆ ಕಳಿಸಿತು. ತಡದ ನಿಖರ ಮಾಹಿತಿ ವೆಬ್‌ಸೈಟ್‌ನಲ್ಲಿರಬೇಕು, ಎಸ್‌ಎಂಎಸ್, ವಾಟ್ಸ್ಆ್ಯಪ್, ಇ-ಮೇಲ್ ಮೂಲಕ ಪ್ರಯಾಣಿಕರಿಗೆ ತಿಳಿಸಬೇಕು, ನಿಲ್ದಾಣದ ಸಿಬ್ಬಂದಿ ಕಾರಣ ಸಹಿತ ವಿವರಿಸುತ್ತಿರಬೇಕು.

ಇನ್ನೂ ಕೆಲವು ಹಕ್ಕುಗಳಿವೆ. ಸಮಯಕ್ಕೆ ಸರಿಯಾಗಿ ಚೆಕ್‌ಇನ್ ಆದವರಿಗೆ ಬೆಂಗಳೂರಿನಂಥ ಹತ್ತಿರದ ವಿಮಾನ 2 ಗಂಟೆ, ದುಬೈಯಂಥ ಎರಡೂವರೆಯಿಂದ ಐದು ಗಂಟೆ ಹಾರಾಟದ ವಿಮಾನ 3 ಗಂಟೆ ತಡವಾಗುವುದಾದರೆ ಊಟ-ತಿಂಡಿ ಕೊಡಬೇಕು. ರಾತ್ರಿ 8ರಿಂದ ಮುಂಜಾನೆ 3ರೊಳಗೆ ಹೊರಡಬೇಕಾದ ವಿಮಾನ 6 ಗಂಟೆಗಿಂತ ಹೆಚ್ಚು ತಡವಾದರೆ ಹೋಟೆಲ್ ವ್ಯವಸ್ಥೆ ಮಾಡಬೇಕು. ಹವಾಮಾನದಂಥ ಕೈಮೀರಿದ ಕಾರಣಗಳಿದ್ದರೆ ಇದರಿಂದ ಕಂಪೆನಿಗಳಿಗೆ ವಿನಾಯಿತಿಯುಂಟು. ಆದರೆ ಮಂಜು-ಮಳೆಯ ಹೆಸರಲ್ಲಿ ಮಾತು ನಿಲ್ಲಿಸುವಂತಿಲ್ಲ. 2024ರ ಸೂಚನೆ ಬಂದದ್ದೇ ಮಂಜಿನ ಕಾಲದಲ್ಲಿ.

ಮೆಸೇಜ್ ಯಾರ ಫೋನಿಗೆ?

ನಮ್ಮ ಕಡೆಯ ತೊಂದರೆ ಇನ್ನೊಂದು. ಟಿಕೆಟ್ ಮಾಡಿಸುವುದು ಪೇಟೆಯ ಏಜೆಂಟ್ ಅಥವಾ ಗಲ್ಫಿನಲ್ಲಿರುವ ಮಗ. ಕೊಟ್ಟ ನಂಬರೂ ಅವರದ್ದೇ. ಕಂಪೆನಿ ಮೆಸೇಜ್ ಕಳಿಸಿದರೂ ಅದು ಹೋಗುವುದು ಮುಚ್ಚಿದ ಅಂಗಡಿಯ ಫೋನಿಗೆ. ಅಪ್ಪ-ಅಮ್ಮ ಮಾತ್ರ ತಲಪಾಡಿ ದಾಟಿ ಆಗಿರುತ್ತದೆ. ಟಿಕೆಟ್ ಮಾಡುವಾಗಲೇ ಪ್ರಯಾಣಿಕರ ನಂಬರ್ ಸೇರಿಸಲು ಹೇಳುವುದು, ಹೊರಡುವ ಮುಂಚೆ ಒಮ್ಮೆ ವಿಮಾನದ ಸ್ಥಿತಿ ನೋಡಿಸಿಕೊಳ್ಳುವುದು ಒಳ್ಳೆಯದು.

ಭಾಷೆಯದ್ದೂ ಒಂದು ಪ್ರಶ್ನೆ. ನಿಲ್ದಾಣದ ಪ್ರಕಟಣೆ ಮೊದಲು ಸ್ಥಳೀಯ ಭಾಷೆಯಲ್ಲಿರಬೇಕೆಂದು ಕೇಂದ್ರ ಸರಕಾರ 2018ರ ಡಿಸೆಂಬರ್‌ನಲ್ಲೇ ಸೂಚಿಸಿತ್ತು. ಆದರೆ ಫೋನಿಗೆ ಇಂಗ್ಲಿಷ್ ಮೆಸೇಜ್ ಬಂದರೆ, ಮೊದಲ ಬಾರಿ ವಿಮಾನ ಹತ್ತುವ ಅಜ್ಜಿಗೆ ಅದರಿಂದ ಏನು ಪ್ರಯೋಜನ? ಟಿಕೆಟ್ ಮಾಡುವಾಗ 'ಯಾವ ಭಾಷೆ ಬೇಕು' ಎಂದು ಕೇಳಿ, ಕನ್ನಡದಲ್ಲೋ ಮಲಯಾಳದಲ್ಲೋ ಎರಡು ಸಾಲು ಕಳಿಸುವುದು ಕಂಪೆನಿಗಳಿಗೆ ಭಾರವೇನೂ ಆಗಲಿಕ್ಕಿಲ್ಲ.

ಜನ ಕೇಳುವುದು ದೊಡ್ಡದೇನಲ್ಲ. ಹೊಸ ಸುದ್ದಿಯಿಲ್ಲದಿದ್ದರೂ ಅರ್ಧ ಗಂಟೆಗೊಮ್ಮೆ ಸಿಬ್ಬಂದಿಯೊಬ್ಬರು ಬಂದು 'ಇನ್ನೂ ಗೊತ್ತಾಗಿಲ್ಲ, ಗೊತ್ತಾದ ಕೂಡಲೇ ಹೇಳುತ್ತೇವೆ' ಎನ್ನಲಿ. ಸುಳ್ಳು ಸಮಯ ಹೇಳುವುದಕ್ಕಿಂತ ಅದು ವಾಸಿ. ಅಷ್ಟೂ ಸಿಗದಿದ್ದರೆ ಕೇಂದ್ರ ಸರಕಾರದ 'ಏರ್‌ಸೇವಾ'ದಲ್ಲಿ ದೂರು ಕೊಡಬಹುದು. ಅದಕ್ಕೆ ಟಿಕೆಟ್, ಬೋರ್ಡಿಂಗ್ ಪಾಸ್, ಬಂದ ಮೆಸೇಜ್‌ಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.